ಆಧಾರ ಶ್ರುತಿ ಬಿಟ್ಟು ಹೊರಟ ಸಂಗೀತ: ಕಾರ್ಲ್ ನೀಲ್ಸನ್

ಶ್ರುತಿಪೆಟ್ಟಿಗೆಯಿಂದಲೇ ಶುರು ಮಾಡೋಣ. ಮನೆಯಲ್ಲಿ ಶ್ರುತಿಪೆಟ್ಟಿಗೆಯೋ ಮೊಬೈಲಿನಲ್ಲಿ ತಂಬೂರಿ ಆ್ಯಪೋ ಇದ್ದರೆ ಬಿಳಿ ಐದಕ್ಕೆ ಇಡಿ. ಪಾಶ್ಚಾತ್ಯರ ಲೆಕ್ಕದಲ್ಲಿ ಅದು ಜಿ. ಪಂಚಮವನ್ನು ತೆಗೆದು ಬರಿಯ ಷಡ್ಜವನ್ನು ಸಣ್ಣ ದನಿಯಲ್ಲಿ ಬಿಡಿ. ಆಮೇಲೆ ಡೆನ್ಮಾರ್ಕಿನ ಸಂಯೋಜಕ ಕಾರ್ಲ್ ನೀಲ್ಸನ್ನನ ಮೊದಲನೆಯ ಸಿಂಫನಿ ಹಾಕಿ. ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಅದು ಜಿ ಮೈನರಿನಲ್ಲಿ ಶುರುವಾಗುತ್ತದೆ. (ಮೈನರ್ ಎಂದರೆ ಸಾಧಾರಣ ಗಾಂಧಾರದ್ದು, ಮೇಜರ್ ಎಂದರೆ ಅಂತರ ಗಾಂಧಾರದ್ದು.) ನಡುವೆ ಎಷ್ಟೋ ಕಡೆ ಸಂಗೀತಕ್ಕೂ ಶ್ರುತಿಗೂ ತಿಕ್ಕಾಟ ಆಗುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಅದು ಮಾಮೂಲು, ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕನೆಯ ಭಾಗ ಮುಗಿಯುವ ಹೊತ್ತಿಗೆ ಕಿವಿಗೊಟ್ಟು ಕೇಳಿ. ಕರ್ಕಶವಾಗಿ ಏನೂ ಕೇಳಿಸುವುದಿಲ್ಲ. ಆದರೆ ನೀವು ‘ಸ’ ಎಂದು ಹಿಡಿದಿದ್ದ ಸ್ವರ ‘ಪ’ ಆಗಿಬಿಟ್ಟಿರುತ್ತದೆ. ಸಿಂಫನಿ ಸಿ ಮೇಜರಿನಲ್ಲಿ, ಎಂದರೆ ಬಿಳಿ ಒಂದರಲ್ಲಿ, ನಿಂತಿರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೊರಟ ಜಾಗದ ಮಧ್ಯಮವೇ ಕೊನೆಗೆ ಷಡ್ಜವಾಯಿತು.

ನಮ್ಮಲ್ಲಿ ಗ್ರಹಭೇದ ಮಾಡುವವರೂ, ಎಂದರೆ ಬೇರೆ ಸ್ವರವನ್ನು ಷಡ್ಜವಾಗಿ ಹಿಡಿದು ಬೇರೆ ರಾಗ ಕಾಣಿಸುವವರೂ, ಕೊನೆಗೆ ಮೂಲ ಷಡ್ಜಕ್ಕೆ ಮರಳುತ್ತಾರೆ. ಯುರೋಪಿನಲ್ಲೂ ಹೆಚ್ಚುಕಡಿಮೆ ಅದೇ ಪದ್ಧತಿ ಇತ್ತು. ಬೀಥೋವನ್ನನ ಐದನೆಯ ಸಿಂಫನಿ ಸಿ ಮೈನರಿನಿಂದ ಸಿ ಮೇಜರಿಗೆ ಬರುತ್ತದೆ. ಗಾಂಧಾರ, ಧೈವತ, ನಿಷಾದಗಳು ಬದಲಾಗುತ್ತವೆ, ಷಡ್ಜ ಕದಲುವುದಿಲ್ಲ. ನೀಲ್ಸನ್ ಬರೆದದ್ದು ಆರು ಸಿಂಫನಿ. ಆರರಲ್ಲಿ ಒಂದೂ ಹೊರಟ ಮನೆಗೆ ವಾಪಸು ಬಂದದ್ದಲ್ಲ. ಅವನೊಬ್ಬನೇ ಹೀಗೆ ಮಾಡಿದ ಎಂದಲ್ಲ. ಅದೇ ಕಾಲದಲ್ಲಿ ಆಸ್ಟ್ರಿಯಾದ ಸಂಯೋಜಕ ಮಾಹ್ಲರ್ ಕೂಡ ಮಾಡಿದ. ಆದರೆ ನೀಲ್ಸನ್ನನಲ್ಲಿ ಕೊನೆಯ ಶ್ರುತಿ ಗೆದ್ದು ಪಡೆಯಬೇಕಾದ ಜಾಗ. ಯಾರು ಗೆಲ್ಲಬೇಕು, ಯಾರು ಅಡ್ಡ ಬರಬೇಕು ಎಂಬುದನ್ನು ಅವನು ವಾದ್ಯಗಳಿಗೇ ಹಂಚಿಬಿಡುತ್ತಾನೆ. ಇವತ್ತಿನ ಮಾತಿನಲ್ಲಿ ಈ ಒಂದು ಎಳೆಯನ್ನೇ ಹಿಡಿದು ಹೋಗುತ್ತೇನೆ.

ಆ ಮೊದಲ ಸಿಂಫನಿಯ ಮೊದಲ ಪ್ರದರ್ಶನ ನಡೆದದ್ದು 1894ರ ಮಾರ್ಚ್ 14ರಂದು, ಕೋಪನ್‌ಹೇಗನ್ನಿನಲ್ಲಿ. ನಡೆಸಿದವನು ಯೋಹಾನ್ ಸ್ವೆನ್ಸನ್. ಚಪ್ಪಾಳೆ ಬಿದ್ದಾಗ ಸಂಯೋಜಕ ಎದ್ದು ಬಂದದ್ದು ಸಭಿಕರ ನಡುವಿನಿಂದಲ್ಲ, ವಾದ್ಯವೃಂದದ ಎರಡನೆಯ ಪಿಟೀಲುಗಳ ಸಾಲಿನಿಂದ. ತನ್ನದೇ ಸಿಂಫನಿಯಲ್ಲಿ ಅವನು ಸಂಬಳದ ವಾದಕನಾಗಿ ಕೂತು ನುಡಿಸುತ್ತಿದ್ದ.

ಅವನು ಹುಟ್ಟಿದ್ದು 1865ರ ಜೂನ್ 9ರಂದು, ಫ್ಯೂನ್ ದ್ವೀಪದಲ್ಲಿ, ಓಡೆನ್ಸೆ ಪಟ್ಟಣದ ದಕ್ಷಿಣಕ್ಕಿರುವ ನೋರ್ರೆ ಲ್ಯುಂಡೆಲ್ಸೆ ಎಂಬ ಹಳ್ಳಿಯ ಹತ್ತಿರ. ಫಿನ್ಲೆಂಡಿನ ಸಂಯೋಜಕ ಸಿಬೇಲಿಯಸ್ ಹುಟ್ಟಿದ್ದೂ ಅದೇ ವರ್ಷ. ಹನ್ನೆರಡು ಮಕ್ಕಳಲ್ಲಿ ಇವನು ಏಳನೆಯವನು. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕೆಲಸಗಾರ. ಮದುವೆ, ಹಬ್ಬ, ಕುಣಿತಗಳಿಗೆ ಪಿಟೀಲು ಮತ್ತು ಕಾರ್ನೆಟ್ ನುಡಿಸಲು ಊರೂರಿಗೆ ಹೋಗುತ್ತಿದ್ದವನು. ಹುಡುಗನಿಗೆ ಆರು ವರ್ಷವಿದ್ದಾಗ ದಡಾರ ಬಂತು. ಮಲಗಿದ್ದ ಮಗನ ಕೈಗೆ ತಾಯಿ ಮುಕ್ಕಾಲು ಅಳತೆಯ ಪಿಟೀಲು ಕೊಟ್ಟಳು. ಹೆಬ್ಬಾತು ಕಾದದ್ದು, ಇಟ್ಟಿಗೆ ಭಟ್ಟಿಯಲ್ಲಿ ದುಡಿದದ್ದು ಎಲ್ಲ ಆಯಿತು. ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟರೆ ಆ ಅಂಗಡಿಯೇ ದಿವಾಳಿಯೆದ್ದಿತು.

ಹದಿನಾಲ್ಕನೆಯ ವಯಸ್ಸಿನಲ್ಲಿ, 1879ರಲ್ಲಿ, ಓಡೆನ್ಸೆಯ ಸೇನಾ ಬ್ಯಾಂಡಿಗೆ ಸೇರಿದ. ಅಲ್ಲಿ ಅವನ ವಾದ್ಯ ಕಹಳೆ ಮತ್ತು ಆಲ್ಟೊ ಟ್ರೊಂಬೋನ್. ಐದು ದಿನಕ್ಕೊಮ್ಮೆ 3 ಕ್ರೋನ 45 ಓರ ಕೂಲಿ, ಜೊತೆಗೊಂದು ರೊಟ್ಟಿ. ಜೀವನಚರಿತ್ರೆಗಳು ಈ ಭಾಗವನ್ನು ಬಡತನದ ಕಥೆಯಾಗಿ ಹೇಳಿ ಮುಂದೆ ಹೋಗುತ್ತವೆ. ಸಂಗೀತದ ದೃಷ್ಟಿಯಿಂದ ಇದು ಅವನ ಮೊದಲ ಗುರುಕುಲ. ಕಹಳೆಯಲ್ಲಿ ಸಿಗುವುದು ಒಂದೇ ಕೊಳವೆಯ ಸಹಜ ಸ್ವರಗಳು: ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮತ್ತೆ ಪಂಚಮ. ಬೇರೆ ಸ್ವರ ಬೇಕೆಂದರೂ ಇಲ್ಲ. ಇಷ್ಟರಲ್ಲೇ ಏಳು, ಹೊರಡು, ಊಟಕ್ಕೆ ಬಾ ಎಂಬ ಆಜ್ಞೆಗಳೆಲ್ಲ ಕೇಳುವವನಿಗೆ ಬೇರೆಬೇರೆಯಾಗಿ ತಿಳಿಯಬೇಕು. ಟ್ರೊಂಬೋನ್ ಇದಕ್ಕೆ ತದ್ವಿರುದ್ಧ. ಅದರ ಕೊಳವೆ ಜಾರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಮುಟ್ಟುವ ನಡುವಿನ ಜಾರನ್ನೇ ನಗೆಯಾಗಿ, ಆಕಳಿಕೆಯಾಗಿ, ಅಣಕವಾಗಿ ಬಳಸಬಹುದು. ಬ್ಯಾಂಡಿಗೆ ಸೇರಿ ಸುಮಾರು ನಲವತ್ತೈದು ವರ್ಷವಾದ ಮೇಲೆ ಬರೆದ ಆರನೆಯ ಸಿಂಫನಿಯಲ್ಲಿ ಆಕಳಿಸುವುದು ಟ್ರೊಂಬೋನೇ, ಕೊಳಲಿನ ಕಾನ್ಸರ್ಟೋದಲ್ಲಿ (ಒಂದು ವಾದ್ಯ ಮುಂದೆ ನಿಂತು ವೃಂದದ ಜೊತೆ ನುಡಿಸುವ ಕೃತಿ) ಸಭ್ಯ ಕೊಳಲಿನ ಬೆನ್ನು ಬೀಳುವುದೂ ಟ್ರೊಂಬೋನೇ.

ಕೋಪನ್‌ಹೇಗನ್ ಸಂಗೀತಶಾಲೆಯಲ್ಲಿ 1884ರಿಂದ 1886ರವರೆಗೆ ಕಲಿತ. ಸಂಗೀತಶಾಸ್ತ್ರಕ್ಕೆ ಓರ್ಲಾ ರೋಸೆನ್‌ಹೋಫ್, ಪಿಟೀಲಿಗೆ ವಾಲ್ಡೆಮಾರ್ ತೋಫ್ತ. 1888ರ ಸೆಪ್ಟೆಂಬರಿನಲ್ಲಿ ಟಿವೊಲಿ ಉದ್ಯಾನದಲ್ಲಿ ತಂತಿವಾದ್ಯಗಳ ‘ಪುಟ್ಟ ಸ್ವೀಟ್’ (ಸ್ವೀಟ್ ಎಂದರೆ ಸಣ್ಣ ತುಣುಕುಗಳ ಮಾಲೆ) ಕೇಳಿಸಿ ಹೆಸರಾಯಿತು. ಅದೇ ಅವನ ಮೊದಲ ಓಪಸ್, ಎಂದರೆ ಸಂಖ್ಯೆ ಕೊಟ್ಟ ಮೊದಲ ಕೃತಿ. ಮರುವರ್ಷ ರಾಜಮನೆತನದ ವಾದ್ಯವೃಂದದಲ್ಲಿ ಎರಡನೆಯ ಪಿಟೀಲಿನ ಕುರ್ಚಿ ಸಿಕ್ಕಿತು. 1905ರವರೆಗೆ, ಹದಿನಾರು ವರ್ಷ, ಅದೇ ಸಾಲಿನಲ್ಲಿ ಕೂತ.

ಎರಡನೆಯ ಪಿಟೀಲು ಎಂದರೆ ಏನು? ಹಾಡಿನ ಮಟ್ಟು ಮೊದಲ ಪಿಟೀಲಿನದು. ಅಡಿಪಾಯ ಚೆಲ್ಲೋ ಮತ್ತು ಬೇಸ್‌ಗಳದು. ನಡುವೆ ಕೂತವನು ಸ್ವರಮೇಳದ ಒಳಸ್ವರಗಳನ್ನು ನುಡಿಸುತ್ತಾನೆ, ಬಹಳ ಸಲ ಗಾಂಧಾರವನ್ನೋ ನಿಷಾದವನ್ನೋ. ಸಂಗೀತ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೊರಳುವಾಗ ಮೊದಲು ಅಲುಗಾಡುವುದು ಇದೇ ಸ್ವರಗಳು. ಕೇಳುಗನಿಗೆ ಗೊತ್ತಾಗುವ ಮೊದಲೇ ಎರಡನೆಯ ಪಿಟೀಲಿನವನ ಬೆರಳಿಗೆ ಗೊತ್ತಾಗಿರುತ್ತದೆ. ನೀಲ್ಸನ್ನನ ಶ್ರುತಿಪಲ್ಲಟಗಳು ಯಾಕೆ ಅಷ್ಟು ಒಳಗಿನಿಂದ ಬಂದಂತೆ ಕೇಳಿಸುತ್ತವೆ ಎಂಬುದಕ್ಕೆ ಈ ಕುರ್ಚಿಗಿಂತ ಒಳ್ಳೆಯ ವಿವರಣೆ ಬೇಕಿಲ್ಲ.

ಮತ್ತೆ ನಮ್ಮ ಶ್ರುತಿಪೆಟ್ಟಿಗೆ. ಎರಡನೆಯ ಸಿಂಫನಿಗೆ (1902) ಬಿಳಿ ಏಳರಲ್ಲಿ, ಬಿ ಸ್ವರದಲ್ಲಿ, ಇಡಿ. ಈ ಸಲ ಕೊನೆಯಲ್ಲಿ ನಿಜವಾಗಿಯೂ ಕರ್ಕಶವಾಗುತ್ತದೆ, ಯಾಕೆಂದರೆ ಸಿಂಫನಿ ಮುಗಿಯುವುದು ಬಿಳಿ ಆರರಲ್ಲಿ, ಎ ಮೇಜರಿನಲ್ಲಿ. ಒಂದು ಪೂರ್ತಿ ಸ್ವರದಷ್ಟು ಕೆಳಗೆ. ಇದರ ಹೆಸರು ‘ನಾಲ್ಕು ಮನೋಧರ್ಮಗಳು’. ಷೇಲಂಡ್ ದ್ವೀಪದ ಹಳ್ಳಿಯ ಪಾನಗೃಹವೊಂದರ ಗೋಡೆಯಲ್ಲಿ ನೋಡಿದ ಅಗ್ಗದ ಹಾಸ್ಯಚಿತ್ರಗಳಿಂದ ಹುಟ್ಟಿದ್ದು. ಸಿಡುಕ, ಜಡ, ವಿಷಾದಿ, ಉಲ್ಲಾಸಿ: ಭಾಗಕ್ಕೊಬ್ಬ. ಗಮನಿಸಬೇಕಾದದ್ದು ಏನೆಂದರೆ ಸಿಡುಕನಿಗೂ ಒಮ್ಮೆ ಮೃದುವಾಗುವ ಗಳಿಗೆ ಇದೆ, ಉಲ್ಲಾಸಿಗೂ ಒಮ್ಮೆ ದಿಗಿಲು ಬಡಿಯುತ್ತದೆ. ಕೋಲು ಹಿಡಿದು ವೃಂದವನ್ನು ನಡೆಸುವ ನಿರ್ವಾಹಕರು ಸಾಮಾನ್ಯವಾಗಿ ಎಡವುವುದು ಜಡನ ಭಾಗದಲ್ಲಿ. ಅದನ್ನು ಚಂದದ ನಿಧಾನ ವಾಲ್ಟ್ಸ್ ಮಾಡಿಬಿಟ್ಟರೆ ಪಾತ್ರವೇ ಸತ್ತುಹೋಗುತ್ತದೆ. ಅಲ್ಲಿ ಬೇಕಾದದ್ದು ಏನೂ ಆಗದಿರುವ ಸುಖ.

ಮೂರನೆಯದು, ‘ಎಸ್ಪಾನ್ಸಿವಾ’, 1912ರ ಫೆಬ್ರವರಿ 28ರಂದು ಕೇಳಿಸಿತು. ಅದೇ ಕಛೇರಿಯಲ್ಲಿ ಅವನ ಪಿಟೀಲು ಕಾನ್ಸರ್ಟೋ ಕೂಡ. ಶುರುವಿಗೆ ಇಡೀ ವೃಂದ ಎ ಸ್ವರ ಒಂದನ್ನೇ ಬಡಿಯುತ್ತದೆ. ಮೊದಲು ದೂರ ದೂರ, ಬರುಬರುತ್ತ ಹತ್ತಿರ ಹತ್ತಿರ, ಚೆಂಡು ಪುಟಿದು ಪುಟಿದು ನೆಲಕ್ಕೆ ಹತ್ತಿರವಾದಂತೆ. ನಿರ್ವಾಹಕನ ಕೈಯ ವೇಗ ಬದಲಾಗಬಾರದು; ಬದಲಾಗುವುದು ಬಡಿತಗಳ ನಡುವಿನ ಖಾಲಿ ಜಾಗ ಮಾತ್ರ. ಕೈ ಕೂಡ ಓಡಿಬಿಟ್ಟರೆ ಮುಂದೆ ಬರುವ ಮುಖ್ಯ ಮಟ್ಟು ಉಸಿರುಗಟ್ಟಿ ಬರುತ್ತದೆ. ಎರಡನೆಯ ಭಾಗದಲ್ಲಿ ಒಂದು ಹೆಣ್ಣುದನಿ, ಒಂದು ಗಂಡುದನಿ, ಸಾಹಿತ್ಯವಿಲ್ಲದೆ ‘ಆ’ ಎಂಬ ಒಂದೇ ಸ್ವರಾಕ್ಷರದಲ್ಲಿ ಹಾಡುತ್ತವೆ. ಗಾಯಕರು ಸಿಗದಿದ್ದರೆ ಕ್ಲಾರಿನೆಟ್ ಮತ್ತು ಟ್ರೊಂಬೋನ್ ಬಳಸಬಹುದು ಎಂದು ಸ್ವರಪ್ರತಿಯಲ್ಲೇ ಅವಕಾಶವಿದೆ. ಬ್ಯಾಂಡಿನಲ್ಲಿ ಬೆಳೆದವನ ವ್ಯವಹಾರಜ್ಞಾನ ಇದು. ಹಾಡಿಸುವುದಾದರೆ ಗಾಯಕರನ್ನು ಮುಂದೆ ತಂದು ನಿಲ್ಲಿಸಬಾರದು; ದನಿ ಬಯಲಿನ ಆಚೆಯಿಂದ ತೇಲಿ ಬಂದಂತೆ ಇರಬೇಕು. ಇಲ್ಲೂ ಹೊರಟದ್ದು ಡಿ ಮೈನರಿನಿಂದ, ತಲುಪಿದ್ದು ಎ ಮೇಜರಿಗೆ: ‘ಸ’ ಬಿಟ್ಟು ‘ಪ’ಕ್ಕೆ.

ಬದುಕಿನ ವಿವರ ಸ್ವಲ್ಪ ಹೇಳಿಬಿಡುತ್ತೇನೆ. 1891ರಲ್ಲಿ ವಿದ್ಯಾರ್ಥಿವೇತನದ ಮೇಲೆ ತಿರುಗುತ್ತ ಪ್ಯಾರಿಸ್ಸಿಗೆ ಬಂದಾಗ ಆನ್ ಮರೀ ಬ್ರೋಡರ್ಸನ್ ಎಂಬ ಶಿಲ್ಪಿಯ ಪರಿಚಯವಾಯಿತು. ಮಾರ್ಚಿನಲ್ಲಿ ಭೇಟಿ, ಮೇ 10ಕ್ಕೆ ಫ್ಲಾರೆನ್ಸಿನಲ್ಲಿ ಮದುವೆ. ಆಕೆ ಯಾರದೋ ಹೆಂಡತಿ ಎಂದು ಗುರುತಿಸಬೇಕಾದವಳಲ್ಲ; ರೀಬೆ ಕೆಥೆಡ್ರಲ್ಲಿನ ಬಾಗಿಲುಗಳೂ, ಕೋಪನ್‌ಹೇಗನ್ನಿನಲ್ಲಿರುವ ರಾಜ ಒಂಬತ್ತನೆಯ ಕ್ರಿಶ್ಚಿಯನ್ನನ ಕುದುರೆ ಪ್ರತಿಮೆಯೂ ಅವಳ ಕೆಲಸ. ಅವಳು ಅಧ್ಯಯನಕ್ಕೆಂದು ಅಥೆನ್ಸಿಗೆ ಹೋದಾಗ ಜೊತೆಗೆ ಹೋದ ನೀಲ್ಸನ್ ಅಲ್ಲಿ ‘ಹೇಲಿಯೋಸ್’ ಬರೆದ (1903). ಏಜಿಯನ್ ಸಮುದ್ರದ ಮೇಲೆ ಸೂರ್ಯ ಹುಟ್ಟಿ, ನೆತ್ತಿಗೇರಿ, ಮುಳುಗುವ ಹನ್ನೆರಡು ನಿಮಿಷ. ಹೊಸಬರು ಇದರಿಂದ ಶುರು ಮಾಡುವುದು ಸುಲಭ. 1914ರಲ್ಲಿ ಗಂಡನ ವಿವಾಹಬಾಹಿರ ಸಂಬಂಧಗಳು ಅವಳಿಗೆ ತಿಳಿದವು. ಮುಂದೆ ಸುಮಾರು ಎಂಟು ವರ್ಷ ಸಂಸಾರ ಒಡೆದೇ ಇತ್ತು. 1922ರ ಹೊತ್ತಿಗೆ ಮತ್ತೆ ಕೂಡಿತು. ನಾಲ್ಕು ಮತ್ತು ಐದನೆಯ ಸಿಂಫನಿಗಳು ಈ ಎಂಟು ವರ್ಷಗಳವು; ನಾಲ್ಕನೆಯದು ಮಹಾಯುದ್ಧದ ನಡುವಿನದು, ಐದನೆಯದು ಅದು ಮುಗಿದ ಮೇಲಿನದು. ಡೆನ್ಮಾರ್ಕ್ ಯುದ್ಧದಲ್ಲಿ ತಟಸ್ಥವಾಗಿತ್ತು, ಆದರೆ ಗಡಿಯಾಚೆ ಏನಾಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಸಂಗೀತವನ್ನು ಮನೆಯ ಜಗಳಕ್ಕೋ ಯುದ್ಧಕ್ಕೋ ಒಂದಕ್ಕೊಂದು ಜೋಡಿಸಿ ವಿವರಿಸುವವರಿದ್ದಾರೆ. ಅದರಿಂದ ಕಿವಿಗೆ ಹೆಚ್ಚೇನೂ ಸಿಗುವುದಿಲ್ಲ.

ನಾಲ್ಕನೆಯ ಸಿಂಫನಿ ಮೊದಲು ಕೇಳಿಸಿದ್ದು 1916ರ ಫೆಬ್ರವರಿ 1ರಂದು. ಹೆಸರು ‘ನಂದಿಸಲಾಗದ್ದು’. ಸಂಗೀತವೆಂದರೆ ಜೀವ, ಜೀವದಂತೆಯೇ ನಂದಿಸಲಾಗದ್ದು ಎಂಬ ಮಾತನ್ನು ಸ್ವರಪ್ರತಿಯಲ್ಲೇ ಬರೆದಿದ್ದಾನೆ. ನಾಲ್ಕು ಭಾಗಗಳು ನಡುವೆ ನಿಲ್ಲದೆ ಸುಮಾರು ಮೂವತ್ತೈದು ನಿಮಿಷ ಸಾಗುತ್ತವೆ. ಮೊದಲ ಕ್ಷಣದಲ್ಲೇ ಎರಡು ಶ್ರುತಿಗಳು ಢಿಕ್ಕಿ ಹೊಡೆಯುತ್ತವೆ, ಡಿ ಮತ್ತು ಸಿ. ಆ ಗದ್ದಲ ಇಳಿದ ಮೇಲೆ ಕ್ಲಾರಿನೆಟ್‌ಗಳು ಜೋಡಿಯಾಗಿ ಒಂದು ಇಳಿಮುಖದ ಮಟ್ಟು ನುಡಿಸುತ್ತವೆ. ಆ ಮಟ್ಟನ್ನು ನೆನಪಿಟ್ಟುಕೊಳ್ಳಿ. ಇಡೀ ಸಿಂಫನಿಯ ಕೊನೆಯಲ್ಲಿ ಅದೇ ಮಟ್ಟು ಇ ಮೇಜರಿನಲ್ಲಿ ಇಡೀ ವೃಂದದ ಬಾಯಲ್ಲಿ ಬರುತ್ತದೆ. ಆದರೆ ಅಲ್ಲಿಗೆ ತಲುಪುವ ಮೊದಲು ಎರಡು ಜೊತೆ ಟಿಂಪನಿಗಳ ಕಾಳಗವಿದೆ.

ಟಿಂಪನಿ ಎಂದರೆ ತಾಮ್ರದ ಹೊಟ್ಟೆಯ ದೊಡ್ಡ ನಗಾರಿ; ಒಂದೊಂದೂ ಒಂದೊಂದು ಸ್ವರಕ್ಕೆ ಶ್ರುತಿ ಮಾಡಿದ್ದು. ಸಾಮಾನ್ಯವಾಗಿ ಇವನ್ನು ‘ಸ’ ಮತ್ತು ‘ಪ’ಕ್ಕೆ ಹೊಂದಿಸುವುದು ರೂಢಿ, ಕೆಲಸ ಬೆಂಬಲ ಕೊಡುವುದು. ನೀಲ್ಸನ್ ಈ ಕಾಳಗದಲ್ಲಿ ‘ಸ’ ಮತ್ತು ಪ್ರತಿ ಮಧ್ಯಮದ ಅಂತರವನ್ನು ಬಳಸುತ್ತಾನೆ. ಯಾವ ಶ್ರುತಿಗೂ ಒಗ್ಗದ ಅಂತರ ಅದು. ನುಡಿಸುತ್ತಿರುವಾಗಲೇ ಸ್ವರ ಬದಲಾಯಿಸುವ ಕೆಲಸವೂ ಇದೆ. ವೃಂದ ಇ ಮೇಜರಿನ ಕಡೆಗೆ ಎಳೆದಾಗಲೆಲ್ಲ ಇವು ಕಾಲಡಿಯ ನೆಲವನ್ನೇ ಕೀಳುತ್ತವೆ.

ಪ್ರದರ್ಶನದಲ್ಲಿ ಇದು ಕೆಡುವ ಬಗೆಗಳು ಹಲವು. ವೇದಿಕೆ ಚಿಕ್ಕದೆಂದು ಎರಡೂ ಜೊತೆಗಳನ್ನು ಹಿಂದೆ ಅಕ್ಕಪಕ್ಕ ಇಟ್ಟರೆ ಕಾಳಗ ಹೋಗಿ ಬರೀ ಸದ್ದು ಉಳಿಯುತ್ತದೆ. ಎರಡನ್ನೂ ದೂರ ದೂರ ಇಡಬೇಕು, ಒಂದು ಸಭಿಕರಿಗೆ ಹತ್ತಿರವಾಗಿ. ದೂರ ಇಟ್ಟರೆ ಇನ್ನೊಂದು ತೊಂದರೆ. ಹದಿನೈದು ಮೀಟರ್ ದಾಟಲು ಶಬ್ದಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ಹೊತ್ತು ಬೇಕು. ಒಬ್ಬ ಇನ್ನೊಬ್ಬನನ್ನು ಕೇಳಿ ನುಡಿಸಿದರೆ ಅಷ್ಟು ಹಿಂದೆ ಬೀಳುತ್ತಾನೆ, ಅವನನ್ನು ಕೇಳಿದ ಮೊದಲನೆಯವನು ಇನ್ನಷ್ಟು. ಆದ್ದರಿಂದ ಇಬ್ಬರೂ ಕಿವಿ ಮುಚ್ಚಿಕೊಂಡವರಂತೆ ನಿರ್ವಾಹಕನ ಕೋಲನ್ನೇ ನೋಡಬೇಕು. ದನಿ ತಗ್ಗಿಸಿ ನುಡಿಸುವಲ್ಲೂ ಬೆದರಿಕೆಯ ಗುಣ ಹೋಗಬಾರದು ಎಂದು ಸಂಯೋಜಕ ಬರೆದಿದ್ದಾನೆ; ಮೆತ್ತನೆಯ ಕೋಲು ಹಿಡಿದವನಿಗೆ ಇದು ಆಗದ ಮಾತು. 1950ರ ದಶಕದ ಹಳೆಯ ಮಾನೋ ಮುದ್ರಣಗಳಲ್ಲಿ ಆವೇಶ ಬೇಕಾದಷ್ಟಿದೆ, ಆದರೆ ಎಡ ಬಲ ಗೊತ್ತಾಗುವುದಿಲ್ಲ. ಈ ಒಂದು ಕಾರಣಕ್ಕಾದರೂ ಮೊದಲ ಸಲ ಸ್ಟೀರಿಯೋ ಮುದ್ರಣವನ್ನು ಇಯರ್‌ಫೋನಿನಲ್ಲಿ ಕೇಳಿ.

ಐದನೆಯದು ಇದಕ್ಕಿಂತ ದೊಡ್ಡ ಕೆಲಸ ಎಂಬುದು ನನ್ನ ಅಭಿಪ್ರಾಯ. 1922ರ ಜನವರಿ 24ರಂದು ನೀಲ್ಸನ್ನನೇ ನಡೆಸಿದ. ಇದಕ್ಕೆ ಅಡ್ಡಹೆಸರಿಲ್ಲ, ಭಾಗಗಳೂ ಎರಡೇ. ವಯೋಲಾಗಳು ಎರಡು ಸ್ವರಗಳ ನಡುವೆ, ಸಿ ಮತ್ತು ಎ, ಸುಮ್ಮನೆ ತೂಗುತ್ತಿರುವಾಗ ಸಂಗೀತ ಶುರುವಾಗುತ್ತದೆ. ಎರಡು ಸ್ವರ ಅಷ್ಟೇ ಇದ್ದರೆ ಷಡ್ಜ ಯಾವುದು ಎಂದು ಹೇಳಲಾಗುವುದಿಲ್ಲ. ಶ್ರುತಿಪೆಟ್ಟಿಗೆ ಇಲ್ಲಿ ಆರಿಸಿಬಿಡಿ, ಅದಕ್ಕೆ ಕೆಲಸವಿಲ್ಲ. ಆ ತೂಗಾಟದ ಮೇಲೆ ತಗ್ಗು ದನಿಯ ಉದ್ದನೆಯ ಗಾಳಿವಾದ್ಯಗಳಾದ ಬಸೂನುಗಳು ಬರುತ್ತವೆ, ಹೋಗುತ್ತವೆ, ಏನೂ ಬೇರೂರುವುದಿಲ್ಲ. ಸ್ವಲ್ಪ ಹೊತ್ತಿಗೆ ಸ್ನೇರ್ ಡ್ರಮ್, ನಮ್ಮ ಪರೇಡಿನ ಬ್ಯಾಂಡುಗಳಲ್ಲಿ ಕಟಕಟ ಎನ್ನುವ ಅದೇ ಚಿಕ್ಕ ಡ್ರಮ್, ಕವಾಯತಿನ ನಡೆಯೊಂದನ್ನು ಹಿಡಿಯುತ್ತದೆ. ಆಮೇಲೆ ಎಲ್ಲ ತಿಳಿಯಾಗಿ, ಜಿ ಮೇಜರಿನಲ್ಲಿ ವಿಶಾಲವಾದ ಅಡಾಜಿಯೋ, ಎಂದರೆ ನಿಧಾನ ನಡೆಯ ಸಂಗೀತ, ತೆರೆದುಕೊಳ್ಳುತ್ತದೆ. ಆ ಮಟ್ಟು ಮೇಲೇರುತ್ತಿರುವಾಗ ಡ್ರಮ್ ವಾಪಸು ಬರುತ್ತದೆ. ಈ ಸಲ ಅದರ ಕಾಲಪ್ರಮಾಣವೇ ಬೇರೆ: ನಿಮಿಷಕ್ಕೆ 116 ಎಣಿಕೆ. ವೃಂದ ತನ್ನ ನಿಧಾನದಲ್ಲಿ, ಡ್ರಮ್ ತನ್ನ ಅವಸರದಲ್ಲಿ. ಮುಂದಿನ ಹಂತದಲ್ಲಿ ಬರೆದ ಸ್ವರಪ್ರತಿಯೇ ನಿಂತುಹೋಗುತ್ತದೆ. ಏನು ಮಾಡಿಯಾದರೂ ಸಂಗೀತವನ್ನು ತಡೆಯಲೇಬೇಕು ಎಂಬಂತೆ ಮನೋಧರ್ಮದಿಂದ ನುಡಿಸು ಎಂಬುದು ವಾದಕನಿಗೆ ಕೊಟ್ಟ ಸೂಚನೆ.

ಬರೆದದ್ದನ್ನೇ ನುಡಿಸಿ ಅಭ್ಯಾಸವಾದ ವಾದಕನಿಗೆ ಇದು ಕಷ್ಟ. ಮೊದಲ ತಪ್ಪು, ಕಿವಿ ಅವನನ್ನು ವೃಂದದ ತಾಳಕ್ಕೆ ಎಳೆದುಬಿಡುವುದು. ಅರೆನಿಮಿಷದಲ್ಲಿ ಅವನು ಗೊತ್ತಿಲ್ಲದೆಯೇ ಅಡಾಜಿಯೋಗೆ ಪಕ್ಕವಾದ್ಯ ನುಡಿಸುತ್ತಿರುತ್ತಾನೆ. ತಾಳಕ್ಕೆ ಸೇರಿದ ಕ್ಷಣ ವಿರೋಧ ಮುಗಿಯಿತು. 116ರ ನಡೆ ಮೈಯಲ್ಲಿ ಇಳಿಯುವವರೆಗೆ ಅಭ್ಯಾಸ ಮಾಡಿ, ಕೋಲಿನ ಕಡೆ ನೋಡದೆ ನುಡಿಸುವುದೇ ದಾರಿ. ಎರಡನೆಯ ತಪ್ಪು ತನಿ ಆವರ್ತನದ ಆಸೆ. ಅಂದದ ಮುಕ್ತಾಯಗಳನ್ನು ಕಟ್ಟಿ ಕೈಚಳಕ ತೋರಿಸಿದರೆ ಸಭೆ ಮೆಚ್ಚುತ್ತದೆ, ಸಂಗೀತ ಕೆಡುತ್ತದೆ. ಅವನಲ್ಲಿ ಇರಬೇಕಾದದ್ದು ಹಟ, ಅಲಂಕಾರವಲ್ಲ. ಮೂರನೆಯದು, ಶುರುವಿನಲ್ಲೇ ಪೂರ್ತಿ ಬಲ ಖರ್ಚು ಮಾಡುವುದು. ಹಿತ್ತಾಳೆ ವಾದ್ಯಗಳು ಇನ್ನೂ ಏರುವುದಿದೆ ಎಂಬುದು ಮರೆತರೆ ಕೊನೆಯಲ್ಲಿ ಡ್ರಮ್ ಮುಳುಗಿಹೋಗುತ್ತದೆ. ಅದು ಮುಳುಗಬೇಕಾದದ್ದು ನಿಜ, ಆದರೆ ಹೋರಾಡಿ. ಜಿ ಮೇಜರ್ ಗೆದ್ದು ನಿಂತಾಗ ಎಲ್ಲ ಸದ್ದೂ ಇಳಿದು ಕ್ಲಾರಿನೆಟ್ ಒಂಟಿಯಾಗಿ ಉಳಿಯುತ್ತದೆ. ಡ್ರಮ್ ಸತ್ತಿರುವುದಿಲ್ಲ, ದೂರದಿಂದ ಇನ್ನೂ ಕೇಳಿಸುತ್ತದೆ. ಇದಕ್ಕೆಂದು ವಾದಕ ನುಡಿಸುತ್ತಲೇ ವೇದಿಕೆಯಿಂದ ಆಚೆ ಸರಿಯಬೇಕು. ಬಾಗಿಲು ಕಿರುಗುಟ್ಟದಂತೆ ಮೊದಲೇ ನೋಡಿಕೊಳ್ಳುವುದು ಸಣ್ಣ ವಿಷಯವಲ್ಲ.

1924ರ ಜನವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಇದನ್ನು ನುಡಿಸಿದಾಗ ಸಭಿಕರಲ್ಲಿ ಕಾಲುಭಾಗದಷ್ಟು ಜನ ಎದ್ದು ಹೊರನಡೆದರು. ಎರಡನೆಯ ಭಾಗವನ್ನು ಅವರು ಕೇಳಲಿಲ್ಲವೆಂಬುದೇ ಅವರಿಗಾದ ನಷ್ಟ. ಅಲ್ಲಿ ಎರಡು ಫ್ಯೂಗ್‌ಗಳಿವೆ (ಒಂದೇ ಮಟ್ಟನ್ನು ವಾದ್ಯಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ), ಒಂದು ಹುಚ್ಚೆದ್ದದ್ದು, ಇನ್ನೊಂದು ಸಮಾಧಾನದ್ದು, ಮತ್ತು ಎಲ್ಲೋ ತೂಗಾಡುತ್ತ ಹುಟ್ಟಿದ ಸಂಗೀತ ಕಪ್ಪು ಎರಡರಲ್ಲಿ, ಇ ಫ್ಲಾಟ್ ಮೇಜರಿನಲ್ಲಿ, ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಡೆನ್ಮಾರ್ಕಿನ ಆಚೆಗೆ ನೀಲ್ಸನ್ನನ ಹೆಸರು ಹಬ್ಬಲು ಬಹಳ ಕಾಲ ಹಿಡಿಯಿತು. ಅಮೆರಿಕದ ನಿರ್ವಾಹಕ ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕಿನಲ್ಲಿ ಈ ಐದನೆಯದನ್ನು ಮುದ್ರಿಸಿದ್ದು 1962ರಲ್ಲಿ.

ಗೆಲ್ಲುವ, ಅಡ್ಡ ಬರುವ ಪಾತ್ರಗಳನ್ನು ವಾದ್ಯಗಳಿಗೇ ಹಂಚುತ್ತಾನೆ ಎಂದೆ. ಅದು ರೂಪಕ ಮಾತ್ರವಲ್ಲ, ವಾದಕರು ನಿಜವಾದ ಮನುಷ್ಯರಾಗಿದ್ದರು. ಕೋಪನ್‌ಹೇಗನ್ನಿನ ಐವರು ಗಾಳಿವಾದ್ಯಗಾರರ ಗುಂಪೊಂದು ಮೊಟ್ಸಾರ್ಟ್ ಅಭ್ಯಾಸ ಮಾಡುತ್ತಿದ್ದುದನ್ನು ನೀಲ್ಸನ್ ಫೋನಿನಲ್ಲಿ ಕೇಳಿಸಿಕೊಂಡ. ಅದರ ಫಲ 1922ರ ‘ಗಾಳಿವಾದ್ಯಗಳ ಕ್ವಿಂಟೆಟ್’. ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್. ಓಬೋದವನು ಕೊನೆಯ ಭಾಗದ ಪೀಠಿಕೆಗೆ ಕೋರ್ ಆಂಗ್ಲೇ ಎಂಬ ದೊಡ್ಡಣ್ಣ ವಾದ್ಯಕ್ಕೆ ಬದಲಾಗಬೇಕು. ಅದರ ರೀಡ್ ಅಷ್ಟು ಹೊತ್ತಿಗೆ ಒಣಗಿ ತಣ್ಣಗಾಗಿರುತ್ತದೆ. ನಡುನಡುವೆ ಒದ್ದೆ ಮಾಡಿ ಇಟ್ಟಿರದಿದ್ದರೆ ಮೊದಲ ಸ್ವರವೇ ಒಡೆಯುತ್ತದೆ. ಆ ಭಾಗ ಅವನದೇ ಭಕ್ತಿಗೀತೆಯೊಂದರ ಮೇಲಿನ ಹನ್ನೊಂದು ಬದಲುರೂಪಗಳು. ಮೂರೆಣಿಕೆಯಲ್ಲಿ ಶುರುವಾದ ಗೀತೆ ಕೊನೆಗೆ ನಾಲ್ಕೆಣಿಕೆಯಲ್ಲಿ ಮೆರವಣಿಗೆಯಂತೆ ಬರುತ್ತದೆ. ಕಟ್ಟಕಡೆಗೆ ಬಸೂನಿಗೆ ಬರೆದ ಮಂದ್ರದ ಎ ಸ್ವರ ಸಾಮಾನ್ಯ ಬಸೂನಿನಲ್ಲಿ ಇಲ್ಲವೇ ಇಲ್ಲ. ವಾದ್ಯದ ತುದಿ ಬಿ ಫ್ಲಾಟಿಗೇ ಮುಗಿಯುತ್ತದೆ. ವಾದ್ಯದ ಆ ತುದಿಯ ಬಾಯಿಗೆ ರಟ್ಟಿನದೋ ಕಾಗದದ್ದೋ ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಂಡರೆ ಅದು ಸಿಗುತ್ತದೆ. ಆದರೆ ಕೊಳವೆ ಕೂತಮೇಲೆ ಬಿ ಫ್ಲಾಟ್ ಮಾಯವಾಗುತ್ತದೆ, ಅದರ ಜಾಗಕ್ಕೆ ಎ ಬರುತ್ತದೆ. ಆದ್ದರಿಂದ ಬಿ ಫ್ಲಾಟಿನ ಕೆಲಸ ಮುಗಿದ ಮೇಲೆ, ಉಸಿರಿಗೆ ಬಿಡುವು ಸಿಗುವ ಕಡೆ, ಸಿಕ್ಕಿಸಬೇಕು. ಬೇಡವೆನಿಸಿದರೆ ಬಿಟ್ಟುಬಿಡಲು ಸಂಯೋಜಕನೇ ಅವಕಾಶ ಕೊಟ್ಟಿದ್ದಾನೆ.

ಐವರಿಗೂ ಒಂದೊಂದು ಕಾನ್ಸರ್ಟೋ ಬರೆಯುವ ಮನಸ್ಸಿತ್ತು. ಆದದ್ದು ಎರಡು. ಕೊಳಲಿನ ಗಿಲ್ಬರ್ಟ್-ಯೆಸ್ಪರ್ಸನ್ ನಾಜೂಕಿನ ಮನುಷ್ಯ; ಅವನ ಕಾನ್ಸರ್ಟೋದಲ್ಲಿ (1926) ಹಿನ್ನೆಲೆಯ ವೃಂದದಿಂದ ಕೊಳಲುಗಳನ್ನು ತೆಗೆದುಹಾಕಿ, ಒರಟು ಬೇಸ್ ಟ್ರೊಂಬೋನನ್ನು ಎದುರಾಳಿಯಾಗಿ ಬಿಟ್ಟ. ಪ್ಯಾರಿಸ್ಸಿನಲ್ಲಿ ಕೇಳಿಸಿದ್ದು ಅವಸರದ ಮುಕ್ತಾಯ. ಅದನ್ನು ಆಮೇಲೆ ಬದಲಿಸಿದ. ಕ್ಲಾರಿನೆಟ್ಟಿನ ಓಗೆ ಓಕ್ಸನ್‌ವಾದ್ ಸಿಡುಕ, ಒಳಗೆ ಮೃದು. ಅವನಿಗೆ 1928ರಲ್ಲಿ ಬರೆದದ್ದು ಒಂದೇ ಭಾಗದ, ಸುಮಾರು ಇಪ್ಪತ್ತೈದು ನಿಮಿಷದ ಜಗಳ. ಜೊತೆಗೆ ತಂತಿವಾದ್ಯ, ಎರಡು ಬಸೂನ್, ಎರಡು ಹಾರ್ನ್, ಮತ್ತೆ ಅದೇ ಸ್ನೇರ್ ಡ್ರಮ್. ಜಗಳ ಇರುವುದು ಎಫ್ ಮತ್ತು ಇ ಶ್ರುತಿಗಳ ನಡುವೆ, ಅರ್ಧ ಸ್ವರದ ಅಂತರದಲ್ಲಿ. ಅರ್ಧ ಸ್ವರದ ನೆರೆಹೊರೆಯವರಷ್ಟು ಕಡುವೈರಿಗಳು ಸಂಗೀತದಲ್ಲಿ ಬೇರೆ ಇಲ್ಲ. ಇಷ್ಟು ಕಷ್ಟದ ಸ್ವರಗಳನ್ನೇ ಹುಡುಕಿ ಬರೆಯಬೇಕಾದರೆ ನೀಲ್ಸನ್ನನಿಗೆ ಕ್ಲಾರಿನೆಟ್ ಬರುತ್ತಿರಲೇಬೇಕು ಎಂದು ಓಕ್ಸನ್‌ವಾದ್ ಗೊಣಗಿದ ಎಂಬ ಮಾತು ಪ್ರಚಾರದಲ್ಲಿದೆ.

ಇಷ್ಟೆಲ್ಲ ಹೇಳಿದರೂ ಡೆನ್ಮಾರ್ಕಿನ ಸಾಮಾನ್ಯ ಜನ ನೀಲ್ಸನ್ನನನ್ನು ಬಲ್ಲದ್ದು ಸಿಂಫನಿಗಳಿಂದಲ್ಲ, ಹಾಡುಗಳಿಂದ. ಸುಮಾರು ಮುನ್ನೂರು ಹಾಡು. 1915 ಮತ್ತು 1917ರಲ್ಲಿ ತೋಮಾಸ್ ಲೌಬ್ ಎಂಬ ಸಂಗೀತಗಾರನ ಜೊತೆ ಎರಡು ಸಂಪುಟ ತಂದ. 1922ರಲ್ಲಿ ಅಲ್ಲಿನ ಜನತಾ ಶಾಲೆಗಳಿಗಾಗಿ ಮಟ್ಟುಗಳ ದೊಡ್ಡ ಪುಸ್ತಕವೊಂದನ್ನು ಸಂಪಾದಿಸಿದವರಲ್ಲಿ ಒಬ್ಬ. ಕಟ್ಟುವ ಕ್ರಮ ಹೀಗೆ: ಎಲ್ಲ ಚರಣಕ್ಕೂ ಒಂದೇ ಮಟ್ಟು; ಸಾಮಾನ್ಯವಾಗಿ ಅಕ್ಷರಕ್ಕೊಂದು ಸ್ವರ; ಕಲಿಯದ ದನಿಗೂ ಎಟಕುವಷ್ಟೇ ವ್ಯಾಪ್ತಿ. ನಮ್ಮ ಸುಗಮ ಸಂಗೀತದಂತೆ ಚರಣಗಳ ನಡುವೆ ವಾದ್ಯದ ಬಿಟ್‌ಗಳು ಇಲ್ಲ. ಹೊಸ ಹಾಡು ಮೊದಲ ಸಲವೇ ಹಳೆಯ ಪರಿಚಯದಂತೆ ಕೇಳಿಸಬೇಕು. 1925ರ ಪ್ರಬಂಧಸಂಗ್ರಹದಲ್ಲಿ ಅವನು ಬರೆದ ಮಾತೊಂದಿದೆ: ಗಾಂಧಾರದಷ್ಟು ಜಿಗಿತವನ್ನು ದೇವರ ಕೊಡುಗೆಯೆಂದೂ, ಮಧ್ಯಮದಷ್ಟನ್ನು ಒಂದು ಅನುಭವವೆಂದೂ, ಪಂಚಮದಷ್ಟನ್ನು ಪರಮ ಸುಖವೆಂದೂ ಕಾಣುವಂತೆ ಹೊಟ್ಟೆ ತುಂಬಿದ ಕಿವಿಗಳಿಗೆ ಕಲಿಸಬೇಕು ಎಂಬ ಅರ್ಥದ್ದು. ಕಹಳೆ ಊದಿದ ಹುಡುಗನ ಮಾತು ಅದು. 1907ರ ‘ಯೆನ್ಸ್ ವೈಮನ್’ ಕೇಳಿ. ಯೆಪ್ಪೆ ಓಕ್ಯರ್ ಎಂಬ ಕವಿಯ ಪದ್ಯ. ಬದುಕೆಲ್ಲ ರಸ್ತೆಗೆ ಜಲ್ಲಿ ಒಡೆದ ಕೂಲಿಯವನೊಬ್ಬ, ಸತ್ತಾಗ ಗೋರಿಗೊಂದು ಕಲ್ಲು ಸಿಗದೆ ಕೊಳೆತ ಹಲಗೆ ಸಿಕ್ಕಿತು ಎಂಬುದು ಕಥೆ. ಮಟ್ಟು ಎಲ್ಲಿಯೂ ಅಳುವುದಿಲ್ಲ, ನಡೆಯುತ್ತದೆ, ಅಷ್ಟೆ. ಹಾಡುವವರು ಕೊನೆಯ ಚರಣದಲ್ಲಿ ನಿಧಾನಿಸಿ ಕಣ್ಣೀರು ತರಿಸಲು ಹೋದರೆ ಹಾಡು ಕೈಬಿಟ್ಟು ಹೋಗುತ್ತದೆ.

‘ಮಾಸ್ಕರೇಡ್’ ಆಪೆರಾ (1906) ಡೇನರ ಮೆಚ್ಚಿನದು, ಅದರ ಪೀಠಿಕೆ ಎಲ್ಲೆಡೆ ನುಡಿಸಲ್ಪಡುತ್ತದೆ. ‘ಅಲ್ಲಾದೀನ್’ ನಾಟಕದ ಸಂಗೀತದಲ್ಲಿ (1919) ‘ಹಿಂದೂ ನೃತ್ಯ’ ಎಂಬ ತುಣುಕಿದೆ. ನಮ್ಮವರು ಹೆಸರು ನೋಡಿ ಅದನ್ನೇ ಮೊದಲು ಹಾಕುತ್ತಾರೆ. ಅದರಲ್ಲಿ ನಮ್ಮ ರಾಗ ಹುಡುಕಬೇಡಿ, ಅದು ಕೋಪನ್‌ಹೇಗನ್ ರಂಗಭೂಮಿಯ ಪೂರ್ವದೇಶ. ಅದೇ ನಾಟಕದ ಸಂಗೀತದಲ್ಲಿರುವ ‘ಇಸ್ಫಹಾನಿನ ಪೇಟೆ’ ಕೇಳಿ. ವೃಂದವನ್ನು ನಾಲ್ಕು ಗುಂಪು ಮಾಡಿ ನಾಲ್ಕೂ ಏಕಕಾಲಕ್ಕೆ ತಮ್ಮತಮ್ಮ ಸಂಗೀತವನ್ನು ತಮ್ಮತಮ್ಮ ವೇಗದಲ್ಲಿ ನುಡಿಸುವಂತೆ ಬರೆದಿದ್ದಾನೆ. ಸಂತೆಯ ನಡುವೆ ನಿಂತವನ ಕಿವಿಗೆ ಬೀಳುವುದು ಹಾಗೆಯೇ. ಐದನೆಯ ಸಿಂಫನಿಯ ಡ್ರಮ್ ಎಲ್ಲಿಂದ ಬಂತು ಎಂಬುದಕ್ಕೆ ಇಲ್ಲೊಂದು ಸುಳಿವಿದೆ.

1920ರ ದಶಕದಲ್ಲಿ ಹೃದಯದ ಕಾಯಿಲೆ ಅಂಟಿಕೊಂಡಿತು. ಆರನೆಯ ಸಿಂಫನಿ 1925ರ ಡಿಸೆಂಬರ್ 11ರಂದು ಕೇಳಿಸಿತು. ಹೆಸರು ‘ಸರಳ ಸಿಂಫನಿ’. ಸರಳವೆಂದು ನಂಬಿ ಹೋದವರು ಕಂಗಾಲಾಗುತ್ತಾರೆ. ಪುಟ್ಟ ಗಂಟೆವಾದ್ಯದ ನಾಲ್ಕು ಬಡಿತದಿಂದ ಮಗುವಿನ ಆಟದಂತೆ ಜಿ ಮೇಜರಿನಲ್ಲಿ ಶುರು. ಎರಡನೆಯ ಭಾಗದಲ್ಲಿ ತಂತಿವಾದ್ಯಗಳೆಲ್ಲ ಸುಮ್ಮನೆ ಕೂರುತ್ತವೆ. ಪಿಕೊಲೊ, ಕ್ಲಾರಿನೆಟ್, ಬಸೂನ್, ಮೂರು ತಾಳವಾದ್ಯ ಸೇರಿ ಪರಸ್ಪರ ಕಚ್ಚಾಡುತ್ತವೆ, ಟ್ರೊಂಬೋನ್ ಆಕಳಿಸುತ್ತದೆ. ಇಲ್ಲಿ ವಾದಕರು ನಗಿಸಲು ಪ್ರಯತ್ನಪಟ್ಟರೆ ನಗೆ ಬರುವುದಿಲ್ಲ. ಗಂಭೀರ ಮುಖದಲ್ಲಿ, ಬರೆದ ಬಲದಲ್ಲೇ ನುಡಿಸಬೇಕು. ಕೊನೆಯ ಭಾಗದಲ್ಲಿ ಬಸೂನೊಂದು ಒಂಟಿಯಾಗಿ ಮಟ್ಟು ಹೇಳುತ್ತದೆ, ಅದರ ಮೇಲೆ ಒಂಬತ್ತು ಬದಲುರೂಪಗಳು. ಒಂಬತ್ತನೆಯದರಲ್ಲಿ ಟ್ಯೂಬಾ ಗೊರಗುಟ್ಟಿ, ತಾಳವಾದ್ಯಗಳು ಮೂಳೆಯಂತೆ ಕಟಕಟಿಸುತ್ತವೆ. ಅಲ್ಲಿಗೇ ನಿಲ್ಲಿಸದೆ ಕಹಳೆಯ ಘೋಷವೊಂದನ್ನು ಊದಿಸಿ, ಎಲ್ಲರನ್ನೂ ಓಡಿಸಿ, ಕಪ್ಪು ಐದರ ಶ್ರುತಿಗೆ, ಬಿ ಫ್ಲಾಟಿಗೆ, ತಂದು ಬಿಡುತ್ತಾನೆ. ಹೊರಟ ಷಡ್ಜದ ಸಾಧಾರಣ ಗಾಂಧಾರ ಅದು.

ಆಮೇಲೆ ಬಂದವು ಆ ಎರಡು ಕಾನ್ಸರ್ಟೋಗಳು, ಗಾಯಕವೃಂದಕ್ಕೆ ಬರೆದ ಮೂರು ಮೋಟೆಟ್‌ಗಳು, ಆರ್ಗನ್ನಿಗೆ ಬರೆದ ‘ಕೊಮೋಟಿಯೋ’. ತಾನು ಕಲಿತ ಸಂಗೀತಶಾಲೆಗೇ 1931ರಲ್ಲಿ ನಿರ್ದೇಶಕನಾದ. ಅದೇ ವರ್ಷ ಅಕ್ಟೋಬರ್ 3ರಂದು ತೀರಿಕೊಂಡ. ಸಿಂಫನಿ ಮತ್ತೆ ಬರೆಯಲಿಲ್ಲ. ಆರನೆಯದರ ಕೊನೆಯನ್ನು ಸಭಾಂಗಣದಲ್ಲಿ ಕೇಳುವಾಗ ಚಪ್ಪಾಳೆಗೆ ಅವಸರಪಡಬೇಡಿ. ಇಡೀ ವೃಂದ ನಿಂತಮೇಲೂ ಎರಡು ಬಸೂನುಗಳು ತಮ್ಮ ತಳದ ಸ್ವರವನ್ನು, ಆ ಬಿ ಫ್ಲಾಟನ್ನು, ಪೂರ್ತಿ ಬಲದಲ್ಲಿ ಹಿಡಿದಿರುತ್ತವೆ.